ಕೊಡಗಿನ ಆಕಾಶಕ್ಕೆ ಯಾವ ಆಟೋಗೈಡಿಂಗ್ ಸಾಫ್ಟ್‌ವೇರ್? ಪಿಎಚ್‌ಡಿ2, ಎಎಸ್‌ಐಏರ್, ಎಕೋಸ್

ಕಾಫಿಕಣ, ಸೋಮವಾರಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟಿದೆ, ರಾತ್ರಿ ನಕ್ಷತ್ರ ಕಾಣಲು ಶುರುವಾಗಿದೆ. ಈ ಸೀಸನ್‌ನಲ್ಲಿ ಆಟೋಗೈಡಿಂಗ್ (ಫೋಟೋ ತೆಗೆಯುವಾಗ ಒಂದು ನಕ್ಷತ್ರವನ್ನು ಗಮನಿಸುತ್ತಾ ಟೆಲಿಸ್ಕೋಪ್ ಜಾರಿದರೆ ತಾನಾಗಿ ತಿದ್ದುವುದು) ಸರಿಯಾಗಿ ಹಿಡಿಯಬೇಕು ಅಂತ ತೀರ್ಮಾನ ಮಾಡಿದ್ದೇನೆ.

ನನ್ನ ಹತ್ತಿರ ಎಚ್‌ಇಕ್ಯೂ5 ಮೌಂಟ್ (ಆಕಾಶದ ಜತೆ ಟೆಲಿಸ್ಕೋಪನ್ನು ತಿರುಗಿಸುವ ಮೋಟಾರು ಸ್ಟ್ಯಾಂಡ್) ಇದೆ. ಅದರ ಮೇಲೆ 400 ಎಂಎಂ ಫೋಕಲ್ ಲೆಂತ್‌ನ ರಿಫ್ರ್ಯಾಕ್ಟರ್, 3.76 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾ. ಗೈಡಿಂಗ್‌ಗೆ 120 ಎಂಎಂ ಫೋಕಲ್ ಲೆಂತ್‌ನ ಚಿಕ್ಕ ಗೈಡ್ ಸ್ಕೋಪ್, ಹಿಂದೆ ಎಎಸ್‌ಐ120ಎಂಎಂ ಮಿನಿ ಗೈಡ್ ಕ್ಯಾಮೆರಾ. ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಒಂದು ಬಳಸದೆ ಬಿದ್ದಿದೆ.

ಹೊರದೇಶದವರ ಹೋಲಿಕೆಗಳನ್ನು ಓದಿ ತಲೆ ಕೆಟ್ಟಿದೆ. ಒಬ್ಬರು ಪಿಎಚ್‌ಡಿ2 ಬಿಟ್ಟರೆ ಬೇರೆ ಇಲ್ಲ ಎನ್ನುತ್ತಾರೆ. ಇನ್ನೊಬ್ಬರು ಎಎಸ್‌ಐಏರ್ ತಗೊಂಡು ನೆಮ್ಮದಿಯಾಗಿರಿ ಎನ್ನುತ್ತಾರೆ. ಲಿನಕ್ಸ್ ಬಲ್ಲವರು ಎಕೋಸ್ ಎನ್ನುತ್ತಾರೆ. ನನಗೆ ಬೇಕಾಗಿರುವುದು ನಮ್ಮ ಜಾಗದಲ್ಲಿ ಬಳಸಿದವರ ಮಾತು. ತೋಟದಲ್ಲಿ ಮೊಬೈಲ್ ನೆಟ್‌ವರ್ಕ್ ಇಲ್ಲ. ಕರೆಂಟ್ ಯಾವಾಗ ಹೋಗುತ್ತದೆ ಗೊತ್ತಿಲ್ಲ. ತೆರೆದ ಜಾಗ ಅಂದರೆ ಕಾಫಿ ಒಣಗಿಸುವ ಕಣ ಒಂದೇ, ಡಿಸೆಂಬರ್‌ನಿಂದ ಅದರ ತುಂಬ ಕಾಫಿ ಹರಡಿರುತ್ತದೆ. ಉತ್ತರಕ್ಕೆ ಸಾಲು ಸಾಲು ಸಿಲ್ವರ್ ಓಕ್.


ಮಂಜಿನಾಚೆ, ಮಡಿಕೇರಿ

ನಾನು ಪಿಎಚ್‌ಡಿ2 ಪಕ್ಷ. ಕಾರಣಗಳನ್ನು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಅದು ಉಚಿತ. ಕ್ರೇಗ್ ಸ್ಟಾರ್ಕ್ ಬರೆದ ಹಳೆಯ ಪಿಎಚ್‌ಡಿಯನ್ನು ಓಪನ್ ಸೋರ್ಸ್ ಮಾಡಿದ ಮೇಲೆ ಸ್ವಯಂಸೇವಕರ ತಂಡ ಅದನ್ನು ಬೆಳೆಸಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು.

ಎರಡನೆಯದು ನನಗೆ ಬಹಳ ಮುಖ್ಯ. ಅದರಲ್ಲಿ ಗೈಡಿಂಗ್ ಅಸಿಸ್ಟೆಂಟ್ ಎನ್ನುವ ಸಾಧನ ಇದೆ. ಕೆಲವು ನಿಮಿಷ ಗೈಡಿಂಗ್ ಕಮಾಂಡ್ ಕೊಡದೆ ನಕ್ಷತ್ರವನ್ನು ಸುಮ್ನೆ ನೋಡುತ್ತಾ ಕೂರುತ್ತದೆ. ಆ ಹೊತ್ತಿನಲ್ಲಿ ಗಾಳಿಯ ಅಲುಗಾಟ ಎಷ್ಟು, ಪೋಲಾರ್ ಅಲೈನ್‌ಮೆಂಟ್ (ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ನೇರ ಮಾಡುವುದು) ಎಷ್ಟು ತಪ್ಪಿದೆ ಎಂದು ಅಳೆದು ಹೇಳುತ್ತದೆ. ಆಮೇಲೆ ಡೆಕ್ ಅಕ್ಷವನ್ನು (ಉತ್ತರ ದಕ್ಷಿಣ ದಿಕ್ಕಿನದು) ತಾನೇ ಓಡಿಸಿ, ಅಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಗೇರ್‌ಗಳ ಸಡಿಲ, ಎಷ್ಟು ಎಂದು ಅಳೆಯುತ್ತದೆ. ಮಿನಿಮಮ್ ಮೂವ್ (ಇದಕ್ಕಿಂತ ಚಿಕ್ಕ ತಪ್ಪನ್ನು ತಿದ್ದದೆ ಬಿಡುವ ಮಿತಿ) ಎಷ್ಟಿಡಬೇಕು ಎಂದೂ ಸೂಚಿಸುತ್ತದೆ. ಅಂದರೆ ನಿಮ್ಮ ಮೌಂಟ್‌ನ ಕಾಯಿಲೆ ಏನು ಎಂದು ಮೊದಲು ಗೊತ್ತಾಗುತ್ತದೆ, ಔಷಧಿ ಆಮೇಲೆ. ಮೌಂಟ್ ಹೊಸದಾಗಿರುವವರಿಗೆ ಇದರಷ್ಟು ಕಲಿಸುವ ಸಾಧನ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಅಲ್ಗಾರಿದಮ್‌ಗಳು. ಎಚ್‌ಇಕ್ಯೂ5ನ ವರ್ಮ್ ಗೇರ್ ಒಂದು ಸುತ್ತು ಸುತ್ತಲು ಸುಮಾರು 638 ಸೆಕೆಂಡ್ ಬೇಕು. ಪ್ರತಿ ಸುತ್ತಿಗೂ ಅದೇ ತಪ್ಪು ಮರುಕಳಿಸುತ್ತದೆ, ಅದೇ ಪೀರಿಯಾಡಿಕ್ ಎರರ್. ಪಿಎಚ್‌ಡಿ2ನಲ್ಲಿ ಪ್ರಿಡಿಕ್ಟಿವ್ ಪಿಇಸಿ ಎಂಬ ಆಯ್ಕೆ ಇದೆ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರ ಸಂಶೋಧನೆಯಿಂದ ಬಂದದ್ದು. ಅದು ಮೊದಲ ಒಂದೆರಡು ಸುತ್ತು ಕಲಿಯುತ್ತದೆ. ಆಮೇಲೆ ತಪ್ಪು ಆಗುವ ಮುಂಚೆಯೇ ತಿದ್ದಲು ಶುರು ಮಾಡುತ್ತದೆ. ಹತ್ತು ನಿಮಿಷದ ಸುತ್ತು ಅಂದರೆ ಕಲಿಯಲು ಇಪ್ಪತ್ತು ನಿಮಿಷ ಕೊಡಬೇಕು. ರಾತ್ರಿಯಿಡೀ ಒಂದೇ ಗುರಿ ಹಿಡಿಯುವವರಿಗೆ ಇದು ಚಿನ್ನ. ಗಂಟೆಗೊಂದು ಗುರಿ ಬದಲಿಸುವವರಿಗೆ ಅಷ್ಟು ಲಾಭ ಇಲ್ಲ.

ಫೋಟೋ ತೆಗೆಯುವ ಸಾಫ್ಟ್‌ವೇರ್ ಬೇರೆ ಬೇಕು. ವಿಂಡೋಸ್‌ನಲ್ಲಿ ನೀನಾ ಹಾಕಿಕೊಳ್ಳಿ, ಅದೂ ಉಚಿತ. ನೀನಾ ತಾನೇ ಗೈಡ್ ಮಾಡುವುದಿಲ್ಲ, ಪಿಎಚ್‌ಡಿ2 ಜತೆ ಮಾತಾಡಿಕೊಂಡು ಡಿಥರಿಂಗ್ (ಫೋಟೋಗಳ ನಡುವೆ ಟೆಲಿಸ್ಕೋಪನ್ನು ತುಸು ಸರಿಸುವುದು) ಮಾಡಿಸುತ್ತದೆ.


ತಾರೆ_ಅಮ್ಮತ್ತಿ

ಮೇಲಿನದ್ದೆಲ್ಲ ಒಪ್ಪುತ್ತೇನೆ. ಆದರೆ ನಮ್ಮ ಕಡೆ ರಾತ್ರಿ ಹೊರಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಹಾಗಿಲ್ಲ. ಅಮ್ಮತ್ತಿ, ಸಿದ್ದಾಪುರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಆನೆ ತೋಟದೊಳಗೇ ಓಡಾಡುತ್ತದೆ. ಮನೆಯ ಬಾಗಿಲ ಹತ್ತಿರದ ಅಂಗಳದಲ್ಲಿ ಮೌಂಟ್ ಇಟ್ಟು, ಬೆಳಕಿರುವಾಗಲೇ ಎಲ್ಲ ಜೋಡಿಸಿ, ಕತ್ತಲಾದ ಮೇಲೆ ಒಳಗಿನಿಂದಲೇ ನಡೆಸಬೇಕು.

ಅದಕ್ಕೆ ನನಗೆ ಎಎಸ್‌ಐಏರ್ ಹಿಡಿಸಿದೆ. ಟೆಲಿಸ್ಕೋಪ್ ಮೇಲೆ ಕೂರುವ ಚಿಕ್ಕ ಪೆಟ್ಟಿಗೆ. 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಕರೆಂಟ್ ಹೋದರೂ ಚಿಂತೆ ಇಲ್ಲ. ತನ್ನದೇ ವೈಫೈ ಹರಡುತ್ತದೆ, ಇಂಟರ್ನೆಟ್ ಬೇಡ. ಗೋ-ಟು (ಗುರಿಯ ಕಡೆ ತಾನಾಗಿ ತಿರುಗುವುದು), ಪೋಲಾರ್ ಅಲೈನ್‌ಮೆಂಟ್, ಫೋಕಸ್, ಗೈಡಿಂಗ್, ಫೋಟೋ ಎಲ್ಲ ಮೊಬೈಲ್‌ನ ಒಂದೇ ಆ್ಯಪ್‌ನಲ್ಲಿ. ಹಲವು ನಕ್ಷತ್ರಗಳನ್ನು ಒಟ್ಟಿಗೆ ನೋಡುವ ಮಲ್ಟಿ ಸ್ಟಾರ್ ಗೈಡಿಂಗ್ ಕೂಡ ಇದೆ.

ಕೊರತೆಗಳನ್ನೂ ಹೇಳಬೇಕು. ಗೈಡಿಂಗ್‌ನಲ್ಲಿ ನಾವು ಬದಲಿಸಬಹುದಾದ ಸೆಟ್ಟಿಂಗ್ ಕಡಿಮೆ. ಎಕ್ಸ್‌ಪೋಶರ್, ಎರಡು ಅಕ್ಷದ ಅಗ್ರೆಸಿವ್‌ನೆಸ್ (ತಪ್ಪಿನಲ್ಲಿ ಎಷ್ಟು ಪಾಲು ತಿದ್ದಬೇಕು ಎಂಬುದು), ಕ್ಯಾಲಿಬ್ರೇಶನ್ (ಕಮಾಂಡ್ ಕೊಟ್ಟರೆ ಮೌಂಟ್ ಯಾವ ಕಡೆ ಎಷ್ಟು ಸರಿಯುತ್ತದೆ ಎಂದು ಮೊದಲೇ ಅಳೆಯುವುದು) ಸ್ಟೆಪ್, ಹೆಚ್ಚು ಕಡಿಮೆ ಅಷ್ಟೆ. ಗೈಡಿಂಗ್ ಅಸಿಸ್ಟೆಂಟ್ ಇಲ್ಲ. ಖಗೋಳ ಕ್ಯಾಮೆರಾ ಆದರೆ ಅದೇ ಕಂಪನಿಯದ್ದೇ ಇರಬೇಕು. ಡಿಎಸ್‌ಎಲ್‌ಆರ್ ಕೆಲವು ಮಾಡೆಲ್ ನಡೆಯುತ್ತವೆ. ಇದು ದೊಡ್ಡ ಬಂಧನ. ನಾಳೆ ಬೇರೆ ಕಂಪನಿಯ ಕ್ಯಾಮೆರಾ ಇಷ್ಟವಾದರೆ ಪೆಟ್ಟಿಗೆಯನ್ನೇ ಬದಲಿಸಬೇಕು.


ಕುಶಾಲ_ಪೈ, ಕುಶಾಲನಗರ

ಪೈ 4 ಬಳಸದೆ ಬಿದ್ದಿದೆ ಎಂದು ಓದಿ ಬಾಯಿ ಮುಚ್ಚಿ ಕೂರಲು ಆಗಲಿಲ್ಲ!

ತಾರೆಯವರು ಹೇಳಿದ ಅನುಕೂಲಗಳಲ್ಲಿ ಮುಕ್ಕಾಲು ಪಾಲು ಆ ಪೈನಲ್ಲೇ ಸಿಗುತ್ತವೆ, ದುಡ್ಡಿಲ್ಲದೆ. ಕೆಸ್ಟಾರ್ಸ್ ಎಂಬ ಖಗೋಳ ಸಾಫ್ಟ್‌ವೇರ್ ಹಾಕಿ, ಅದರೊಳಗೆ ಎಕೋಸ್ ಇದೆ. ಉಪಕರಣಗಳ ಜತೆ ಮಾತಾಡಲು ಇಂಡಿ ಡ್ರೈವರ್‌ಗಳು, ಬೇರೆ ಬೇರೆ ಕಂಪನಿಯ ಕ್ಯಾಮೆರಾ, ಮೌಂಟ್ ನಡೆಯುತ್ತವೆ. ಮನೆಯೊಳಗಿನಿಂದ ವಿಎನ್‌ಸಿ (ಪೈನ ಪರದೆಯನ್ನು ದೂರದಿಂದ ತೋರಿಸುವ ಸಾಫ್ಟ್‌ವೇರ್) ಹಾಕಿ ನೋಡಬಹುದು.

ಎಕೋಸ್‌ನ ಒಳಗಿನ ಗೈಡರ್ ಬಗ್ಗೆ ಹಳೆಯ ಅಭಿಪ್ರಾಯಗಳನ್ನು ಈಗ ನಂಬಬೇಡಿ. ಈಗ ಮಲ್ಟಿ ಸ್ಟಾರ್ ಇದೆ. ಮಂಜಿನಾಚೆಯವರು ಹೇಳಿದ ಪ್ರಿಡಿಕ್ಟಿವ್ ಗೈಡಿಂಗ್‌ನ ಕೋಡ್ ಇಲ್ಲಿಗೂ ಬಂದಿದೆ, ಜಿಪಿಜಿ ಎಂಬ ಹೆಸರಲ್ಲಿ. ಅನಲೈಸ್ ಎಂಬ ಟ್ಯಾಬ್ ಇದೆ. ರಾತ್ರಿ ಯಾವ ಗಂಟೆಗೆ ಫೋಕಸ್ ಆಯಿತು, ಯಾವಾಗ ಗೈಡಿಂಗ್ ಕೆಟ್ಟಿತು, ಆಗ ಯಾವ ಫೋಟೋ ನಡೆಯುತ್ತಿತ್ತು ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತದೆ. ಒಳಗಿನ ಗೈಡರ್ ಬೇಡ ಎಂದರೆ ಅದೇ ಪೈನಲ್ಲಿ ಪಿಎಚ್‌ಡಿ2 ಹಾಕಿ ಎಕೋಸ್‌ಗೆ ಜೋಡಿಸಿ.

ಕಷ್ಟ ಏನೆಂದರೆ ಮೊದಲ ಸಲ ಎಲ್ಲ ಹೊಂದಿಸಲು ತಾಳ್ಮೆ ಬೇಕು. ಲಿನಕ್ಸ್ ಪರಿಚಯ ಇಲ್ಲದವರಿಗೆ ಅಪ್‌ಡೇಟ್ ಮಾಡಿದ ಮೇಲೆ ಏನೋ ಒಂದು ನಿಂತರೆ ಗಾಬರಿ. ಅಪ್‌ಡೇಟ್‌ಗಳನ್ನು ಮಳೆಗಾಲದಲ್ಲೇ ಮುಗಿಸಿ, ಸೀಸನ್ ಪೂರ್ತಿ ಮುಟ್ಟದೆ ಇಡಿ.


200ಎಂಎಂ_ಗೋಣಿಕೊಪ್ಪ

ನಾನು ಹೊಸಬ. ಮಧ್ಯೆ ಕೇಳಬಹುದಾ? ನನ್ನದು ಸ್ಟಾರ್ ಅಡ್ವೆಂಚರರ್ 2ಐ ಎಂಬ ಚಿಕ್ಕ ಮೌಂಟ್, 200 ಎಂಎಂ ಲೆನ್ಸ್, ಡಿಎಸ್‌ಎಲ್‌ಆರ್. ಗೈಡಿಂಗ್ ನನಗೂ ಬೇಕಾ? ಒಬ್ಬರ ಆರ್‌ಎಂಎಸ್ (ಗೈಡಿಂಗ್‌ನ ಸರಾಸರಿ ತಪ್ಪು) 0.15, ಇನ್ನೊಬ್ಬರದ್ದು 0.9 ಎಂದು ಓದಿದೆ. 0.15 ಬರುವ ಸಾಫ್ಟ್‌ವೇರ್ ಯಾವುದು?


ಮಂಜಿನಾಚೆ, ಮಡಿಕೇರಿ

ಒಳ್ಳೆಯ ಪ್ರಶ್ನೆ. ಸಾಫ್ಟ್‌ವೇರ್ ಹೋಲಿಕೆಗಳಲ್ಲಿ ಎಲ್ಲರೂ ಎಡವುವುದು ಇಲ್ಲೇ.

ಆರ್‌ಎಂಎಸ್ ಎಂದ ತಕ್ಷಣ, ಪಿಕ್ಸೆಲ್‌ನಲ್ಲಾ ಆರ್ಕ್‌ಸೆಕೆಂಡ್‌ನಲ್ಲಾ (ಡಿಗ್ರಿಯ 3600ನೇ ಒಂದು ಭಾಗ) ಎಂದು ಕೇಳಿ. ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಅಗಲ ಎಂದು ತಿಳಿಯಲು, ಪಿಕ್ಸೆಲ್ ಮೈಕ್ರಾನ್‌ಗಳನ್ನು 206 ರಿಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಭಾಗಿಸಿ. ಕಾಫಿಕಣ ಅವರ ಗೈಡ್ ಕ್ಯಾಮೆರಾ 3.75 ಮೈಕ್ರಾನ್, ಗೈಡ್ ಸ್ಕೋಪ್ 120 ಎಂಎಂ. ಅಂದರೆ ಒಂದು ಪಿಕ್ಸೆಲ್‌ಗೆ ಸುಮಾರು 6.4 ಆರ್ಕ್‌ಸೆಕೆಂಡ್. ಅಲ್ಲಿ 0.15 ಪಿಕ್ಸೆಲ್ ಎಂದರೆ 0.96 ಆರ್ಕ್‌ಸೆಕೆಂಡ್. ನೀವು ಓದಿದ ಇಬ್ಬರದ್ದೂ ಒಂದೇ ಫಲಿತಾಂಶ ಇರಬಹುದು!

ಆ ಸಂಖ್ಯೆ ಸಾಕಾ ಎಂಬುದು ಎರಡನೆಯ ಮಾತು. ಅವರ ಮುಖ್ಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಸುಮಾರು 1.9 ಆರ್ಕ್‌ಸೆಕೆಂಡ್. ನಮ್ಮ ಕಡೆ ಸಾಧಾರಣ ರಾತ್ರಿಯಲ್ಲಿ ಗಾಳಿಯ ಅಲುಗಾಟವೇ ನಕ್ಷತ್ರವನ್ನು 3 ಆರ್ಕ್‌ಸೆಕೆಂಡ್‌ಗೆ ಹಿಗ್ಗಿಸಿದೆ ಎಂದುಕೊಳ್ಳಿ. ಪ್ರತಿ ಅಕ್ಷದಲ್ಲಿ ಗೈಡಿಂಗ್ ತಪ್ಪು 0.7 ಇದ್ದರೆ ನಕ್ಷತ್ರದ ಅಗಲ ಸುಮಾರು 3.4 ಆಗುತ್ತದೆ. ಕಷ್ಟಪಟ್ಟು 0.4ಕ್ಕೆ ಇಳಿಸಿದರೆ 3.1. ವ್ಯತ್ಯಾಸ ಒಂದು ಪಿಕ್ಸೆಲ್‌ನ ಏಳನೇ ಒಂದು ಭಾಗ. ಫೋಟೋದಲ್ಲಿ ಕಣ್ಣಿಗೆ ಕಾಣುವುದಿಲ್ಲ. 400 ಎಂಎಂನಲ್ಲಿ ಸಾಫ್ಟ್‌ವೇರ್ ಬದಲಿಸಿ ಆ 0.3 ಗಳಿಸುವುದಕ್ಕಿಂತ ಇನ್ನೊಂದು ಗಂಟೆ ಜಾಸ್ತಿ ಎಕ್ಸ್‌ಪೋಶರ್ ಮಾಡುವುದು ಮೇಲು. 1500 ಎಂಎಂ, 2000 ಎಂಎಂನಲ್ಲಿ ತೆಗೆಯುವವರ ಲೆಕ್ಕ ಬೇರೆ. ಅವರು ಗೈಡ್ ಸ್ಕೋಪ್ ಬಿಟ್ಟು ಆಫ್ ಆಕ್ಸಿಸ್ ಗೈಡರ್‌ಗೆ (ಮುಖ್ಯ ಟೆಲಿಸ್ಕೋಪ್‌ನ ಬೆಳಕಿನಲ್ಲೇ ಸ್ವಲ್ಪ ತೆಗೆದು ಗೈಡ್ ಮಾಡುವ ಸಾಧನ) ಹೋಗಬೇಕು, ಇಲ್ಲದಿದ್ದರೆ ಎರಡು ಟ್ಯೂಬ್‌ಗಳು ಬೇರೆ ಬೇರೆ ರೀತಿ ಬಾಗಿ ಚಿತ್ರ ಕೆಡುತ್ತದೆ.


ದಕ್ಷಿಣದಿಕ್ಕು, ವಿರಾಜಪೇಟೆ

ಇಷ್ಟು ಹೊತ್ತು ಓದುತ್ತಿದ್ದೆ. ಅಸಲು ವಿಷಯ ಇನ್ನೂ ಯಾರೂ ಎತ್ತಿಲ್ಲ. ಕಾಫಿಕಣ ಅವರು ಮೊದಲ ಪೋಸ್ಟ್‌ನಲ್ಲೇ ಬರೆದಿದ್ದಾರೆ. ಉತ್ತರಕ್ಕೆ ಸಿಲ್ವರ್ ಓಕ್.

ನಾವಿರುವುದು ಸುಮಾರು 12.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಧ್ರುವ ನಕ್ಷತ್ರ ದಿಗಂತದಿಂದ ಸುಮಾರು 12 ಡಿಗ್ರಿ ಮೇಲೆ ಮಾತ್ರ. ಕೈ ಚಾಚಿ ಮುಷ್ಟಿ ಹಿಡಿದರೆ ಅದಕ್ಕಿಂತ ಸ್ವಲ್ಪ ಮೇಲೆ, ಅಷ್ಟೆ. ಯುರೋಪಿನವರಿಗೆ ಅದು 50 ಡಿಗ್ರಿ ಎತ್ತರದಲ್ಲಿ ನಿಂತಿರುತ್ತದೆ. ಅವರು ಬರೆದ ಹೋಲಿಕೆಗಳಲ್ಲಿ ಪೋಲಾರ್ ಅಲೈನ್‌ಮೆಂಟ್ ಎರಡು ನಿಮಿಷದ ಕೆಲಸ. ನಮಗೆ ಮರ, ಬೆಟ್ಟ, ಮಂಜು ಮೂರೂ ಅದೇ ಎತ್ತರದಲ್ಲಿವೆ. ಕೊಡಗಿನಲ್ಲಿ ಎಷ್ಟು ಅಂಗಳದಿಂದ ಧ್ರುವ ನಕ್ಷತ್ರ ಚೆನ್ನಾಗಿ ಕಾಣುತ್ತದೆ ಹೇಳಿ?

ಹಾಗಾಗಿ ಸಾಫ್ಟ್‌ವೇರ್ ಆರಿಸುವಾಗ ನಮ್ಮ ಮೊದಲ ಪ್ರಶ್ನೆ ಇದು: ಧ್ರುವ ಕಾಣದಿದ್ದರೂ ಪೋಲಾರ್ ಅಲೈನ್‌ಮೆಂಟ್ ಮಾಡಿಕೊಡುತ್ತದೆಯೇ?

ಶಾರ್ಪ್‌ಕ್ಯಾಪ್ ಎಂಬ ಸಾಫ್ಟ್‌ವೇರ್‌ನ ಸಾಧನ ಬಹಳ ಸಲೀಸು. ಆದರೆ ಕ್ಯಾಮೆರಾ ಧ್ರುವದ ಹತ್ತಿರದ ಆಕಾಶವನ್ನು ನೋಡಲೇಬೇಕು, ಜತೆಗೆ ಅದಕ್ಕೆ ಹಣ ಕೊಟ್ಟು ಲೈಸೆನ್ಸ್ ತಗೋಬೇಕು. ನೀನಾಗೆ ಥ್ರೀ ಪಾಯಿಂಟ್ ಪೋಲಾರ್ ಅಲೈನ್‌ಮೆಂಟ್ ಎಂಬ ಪ್ಲಗಿನ್ ಇದೆ. ಆಕಾಶದಲ್ಲಿ ಎಲ್ಲಿ ಜಾಗ ತೆರೆದಿದೆಯೋ ಅಲ್ಲಿ ಮೂರು ಕಡೆ ಫೋಟೋ ತೆಗೆದು, ಪ್ಲೇಟ್ ಸಾಲ್ವ್ ಮಾಡಿ (ಫೋಟೋದ ನಕ್ಷತ್ರಗಳನ್ನು ಗುರುತಿಸಿ ಅದು ಆಕಾಶದ ಯಾವ ಜಾಗ ಎಂದು ಕಂಡುಹಿಡಿದು), ಮೌಂಟ್ ಎಷ್ಟು ತಪ್ಪಿದೆ ಎಂದು ಹೇಳುತ್ತದೆ. ಎಕೋಸ್‌ನ ಪೋಲಾರ್ ಅಸಿಸ್ಟೆಂಟ್ ಕೂಡ ಧ್ರುವದಿಂದ ದೂರ ಕೆಲಸ ಮಾಡುತ್ತದೆ. ಎಎಸ್‌ಐಏರ್‌ಗೂ ಆಲ್ ಸ್ಕೈ ಅಲೈನ್‌ಮೆಂಟ್ ಬಂದಿದೆ. ಪಿಎಚ್‌ಡಿ2ನಲ್ಲಿ ಹಳೆಯ ನಂಬಿಗಸ್ತ ಡ್ರಿಫ್ಟ್ ಅಲೈನ್ ಇದೆ. ಮೊದಲು ನೆತ್ತಿಯ ಹತ್ತಿರದ ನಕ್ಷತ್ರ ಹಿಡಿದು ಎಡ ಬಲ ಸರಿಮಾಡುವುದು, ಆಮೇಲೆ ಪೂರ್ವ ಅಥವಾ ಪಶ್ಚಿಮದ ನಕ್ಷತ್ರ ಹಿಡಿದು ಎತ್ತರ ಸರಿಮಾಡುವುದು. ನಿಧಾನ, ಆದರೆ ಯಾವ ಮರವೂ ಅದನ್ನು ತಡೆಯಲಾರದು.

ಧ್ರುವ ಕಂಡರೂ ಒಂದು ತೊಡಕಿದೆ. 12 ಡಿಗ್ರಿ ಎತ್ತರದಲ್ಲಿ ವಾತಾವರಣ ಬೆಳಕನ್ನು ಬಗ್ಗಿಸಿ ನಕ್ಷತ್ರವನ್ನು ಸುಮಾರು 4.5 ಆರ್ಕ್‌ಮಿನಿಟ್ (ಒಂದು ಆರ್ಕ್‌ಮಿನಿಟ್ ಅಂದರೆ 60 ಆರ್ಕ್‌ಸೆಕೆಂಡ್) ಮೇಲೆ ತೋರಿಸುತ್ತದೆ. ನೀನಾ ಪ್ಲಗಿನ್‌ನಲ್ಲಿ ಈ ವಕ್ರೀಭವನವನ್ನು ಲೆಕ್ಕಕ್ಕೆ ಹಿಡಿಯುವ ಆಯ್ಕೆ ಇದೆ. ಅದನ್ನು ಯೋಚಿಸಿ ಬಳಸಿ.

ಪ್ಲೇಟ್ ಸಾಲ್ವಿಂಗ್‌ಗೆ ಆಸ್ಟಾಪ್ ಹಾಕಿಕೊಂಡು, ಅದರ ನಕ್ಷತ್ರ ಡೇಟಾಬೇಸ್ ಅನ್ನು ಪೇಟೆಯಲ್ಲಿರುವಾಗಲೇ ಡೌನ್‌ಲೋಡ್ ಮಾಡಿ. ತೋಟದಲ್ಲಿ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಇನ್ನು 200ಎಂಎಂ ಅವರಿಗೆ. 2ಐ ಒಂದೇ ಅಕ್ಷದಲ್ಲಿ ತಿರುಗುತ್ತದೆ. ಗೈಡಿಂಗ್ ಆರ್‌ಎ ಅಕ್ಷವನ್ನು (ಪೂರ್ವ ಪಶ್ಚಿಮ ದಿಕ್ಕಿನದು) ಮಾತ್ರ ತಿದ್ದಬಲ್ಲದು. ಡೆಕ್ ದಿಕ್ಕಿನಲ್ಲಿ ಆಗುವ ಜಾರುವಿಕೆಗೆ ಯಾವ ಸಾಫ್ಟ್‌ವೇರೂ ಏನೂ ಮಾಡಲಾರದು. ಅಲೈನ್‌ಮೆಂಟ್ 1 ಆರ್ಕ್‌ಮಿನಿಟ್ ತಪ್ಪಿದರೆ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜಾರುತ್ತದೆ. 5 ಆರ್ಕ್‌ಮಿನಿಟ್ ತಪ್ಪಿದ್ದು, 3 ನಿಮಿಷದ ಫೋಟೋ ತೆಗೆದರೆ ಸುಮಾರು 4 ಆರ್ಕ್‌ಸೆಕೆಂಡ್. ಕ್ಯಾಮೆರಾ ಪಿಕ್ಸೆಲ್ 3.7 ಮೈಕ್ರಾನ್ ಆಗಿದ್ದರೆ ನಿಮ್ಮ ಲೆನ್ಸ್‌ನಲ್ಲಿ ಅದು ಒಂದು ಪಿಕ್ಸೆಲ್. ಸಹಿಸಬಹುದು. 20 ಆರ್ಕ್‌ಮಿನಿಟ್ ತಪ್ಪಿದ್ದರೆ ನಾಲ್ಕು ಪಿಕ್ಸೆಲ್, ನಕ್ಷತ್ರ ಗೆರೆಯಾಗುತ್ತದೆ. ಹಾಗಾಗಿ ಗೈಡ್ ಕ್ಯಾಮೆರಾಗೆ ದುಡ್ಡು ಹಾಕುವ ಮುಂಚೆ ಅಲೈನ್‌ಮೆಂಟ್ ಕಲಿಯಿರಿ. ನೀನಾ ಪ್ಲಗಿನ್‌ನಲ್ಲಿ ಮ್ಯಾನುಯಲ್ ಮೋಡ್ ಇದೆ, ಗೋ-ಟು ಇಲ್ಲದ ಮೌಂಟ್‌ಗೂ ಆಗುತ್ತದೆ, ಕೈಯಲ್ಲೇ ತಿರುಗಿಸಿ.


ಕಾಫಿಕಣ, ಸೋಮವಾರಪೇಟೆ ಕಡೆ

ದಕ್ಷಿಣದಿಕ್ಕು ಅವರೇ, ತುಂಬಾ ಥ್ಯಾಂಕ್ಸ್. ಇದನ್ನು ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಇನ್ನೊಂದು ಅನುಮಾನ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಕೌಂಟರ್‌ವೇಟ್ ರಾಡ್ (ಟೆಲಿಸ್ಕೋಪ್‌ಗೆ ಎದುರು ಭಾರ ಹಾಕುವ ಕಂಬಿ) ಟ್ರೈಪಾಡ್ ಕಾಲಿಗೆ ತಾಗುವಂತಿದೆ. ನಿಮಗೆಲ್ಲ ಹೀಗೇ ಇದೆಯಾ? ಕ್ಯಾಲಿಬ್ರೇಶನ್ ಎಲ್ಲಿ ಮಾಡಬೇಕು?


ದಕ್ಷಿಣದಿಕ್ಕು, ವಿರಾಜಪೇಟೆ

ಎಲ್ಲರಿಗೂ ಇದೆ. ನಮ್ಮಲ್ಲಿ ಆರ್‌ಎ ಅಕ್ಷ ಬಹುತೇಕ ಮಲಗಿರುತ್ತದೆ, ಭಾರಗಳು ಕಾಲುಗಳ ನಡುವೆ ಇಳಿಯುತ್ತವೆ. ಪಿಯರ್ ಎಕ್ಸ್‌ಟೆನ್ಶನ್ (ಟ್ರೈಪಾಡ್ ಮತ್ತು ಮೌಂಟ್ ನಡುವೆ ಎತ್ತರ ಕೊಡುವ ಕಂಬ) ಹಾಕಿದರೆ ಜಾಗ ಸಿಗುತ್ತದೆ. ಅದಿಲ್ಲದಿದ್ದರೆ ಹಗಲಲ್ಲೇ ಕ್ಲಚ್ ಸಡಿಲಿಸಿ, ಕೈಯಲ್ಲಿ ಪೂರ್ತಿ ತಿರುಗಿಸಿ, ಎಲ್ಲಿ ತಾಗುತ್ತದೆ ಎಂದು ನೋಡಿ. ಅದಕ್ಕೆ ತಕ್ಕಂತೆ ಮೌಂಟ್‌ನ ಲಿಮಿಟ್ ಹಾಕಿ.

ಕ್ಯಾಲಿಬ್ರೇಶನ್ ಮಾಡಬೇಕಾದ್ದು ಖಗೋಳ ಸಮಭಾಜಕದ (ಭೂಮಧ್ಯ ರೇಖೆಯ ನೇರ ಮೇಲಿನ ಆಕಾಶದ ರೇಖೆ) ಹತ್ತಿರ, ಮೆರಿಡಿಯನ್‌ನಿಂದ (ಉತ್ತರದಿಂದ ನೆತ್ತಿಯ ಮೂಲಕ ದಕ್ಷಿಣಕ್ಕೆ ಹೋಗುವ ರೇಖೆ) ಸ್ವಲ್ಪ ಪಕ್ಕದಲ್ಲಿ. ಇಲ್ಲಿ ನಮ್ಮ ಅಕ್ಷಾಂಶ ನಮಗೆ ಬಹಳ ಒಳ್ಳೆಯದು. ಸಮಭಾಜಕ ನಮ್ಮ ನೆತ್ತಿಯಿಂದ ಬರೀ 12 ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತದೆ. ಅಂದರೆ ಆಕಾಶದ ಅತಿ ನಿಚ್ಚಳ ಭಾಗದಲ್ಲೇ ಕ್ಯಾಲಿಬ್ರೇಶನ್. ಪಿಎಚ್‌ಡಿ2ನ ಹೊಸ ಆವೃತ್ತಿಗಳಲ್ಲಿ ಕ್ಯಾಲಿಬ್ರೇಶನ್ ಅಸಿಸ್ಟೆಂಟ್ ಇದೆ, ಅದೇ ಸರಿಯಾದ ಜಾಗಕ್ಕೆ ಟೆಲಿಸ್ಕೋಪ್ ತಿರುಗಿಸುತ್ತದೆ.

ಇನ್ನೊಂದು. ಮೌಂಟ್‌ಗೆ ಎಸ್‌ಟಿ-4 ಕೇಬಲ್ (ಗೈಡ್ ಕ್ಯಾಮೆರಾದಿಂದ ನೇರ ಮೌಂಟ್‌ಗೆ ಹೋಗುವುದು) ಹಾಕಬೇಡಿ. ವಿಂಡೋಸ್ ಆದರೆ ಆ್ಯಸ್ಕಾಮ್, ಲಿನಕ್ಸ್ ಆದರೆ ಇಂಡಿ ಡ್ರೈವರ್ ಮೂಲಕ ಪಲ್ಸ್ ಗೈಡಿಂಗ್ (ಕಂಪ್ಯೂಟರೇ ಮೌಂಟ್‌ಗೆ ಕಮಾಂಡ್ ಕಳಿಸುವುದು) ಬಳಸಿ. ಆಗ ಟೆಲಿಸ್ಕೋಪ್ ಎಲ್ಲಿ ನೋಡುತ್ತಿದೆ ಎಂದು ಸಾಫ್ಟ್‌ವೇರ್‌ಗೆ ಗೊತ್ತಿರುತ್ತದೆ. ನೆತ್ತಿಯಲ್ಲಿ ಕ್ಯಾಲಿಬ್ರೇಟ್ ಮಾಡಿ ಓಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛಕ್ಕೆ ಹೋದರೆ, ಅಲ್ಲಿ ಡೆಕ್ಲಿನೇಶನ್ (ಖಗೋಳ ಸಮಭಾಜಕದಿಂದ ದೂರ) ಮೈನಸ್ 47 ಡಿಗ್ರಿ. ಅದೇ ಪಲ್ಸ್‌ಗೆ ಆರ್‌ಎ ದಿಕ್ಕಿನಲ್ಲಿ ನಕ್ಷತ್ರ ಮೂರನೇ ಎರಡು ಭಾಗದಷ್ಟೇ ಸರಿಯುತ್ತದೆ. ಪಲ್ಸ್ ಗೈಡಿಂಗ್‌ನಲ್ಲಿ ಇದರ ಲೆಕ್ಕವನ್ನು ಸಾಫ್ಟ್‌ವೇರ್ ತಾನೇ ಹಾಕಿಕೊಳ್ಳುತ್ತದೆ.

ಓಮೆಗಾ ಸೆಂಟಾರಿ ಎಂದ ಮೇಲೆ ಎರಡು ಮಾತು ಹೇಳದೆ ಇರಲಾರೆ. ಯುರೋಪಿನ ಬಹುಭಾಗಕ್ಕೆ ಅದು ಕಾಣುವುದೇ ಇಲ್ಲ. ನಮಗೆ ಏಪ್ರಿಲ್ ಮಧ್ಯರಾತ್ರಿಯಲ್ಲಿ ದಕ್ಷಿಣಕ್ಕೆ 30 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತದೆ. ಈಟಾ ಕ್ಯಾರಿನಾ ನೀಹಾರಿಕೆ ಕೂಡ 18 ಡಿಗ್ರಿ ಏರುತ್ತದೆ, ದಕ್ಷಿಣದಲ್ಲಿ ಬೆಟ್ಟ ಇಲ್ಲದಿದ್ದರೆ ಸಾಕು. ತಮಿಳುನಾಡಿನ ಕಾವಲೂರಿನಲ್ಲಿ 2.34 ಮೀಟರ್‌ನ ವೇಣು ಬಾಪು ಟೆಲಿಸ್ಕೋಪ್ ಇರುವುದೂ ಹೆಚ್ಚು ಕಡಿಮೆ ನಮ್ಮದೇ ಅಕ್ಷಾಂಶದಲ್ಲಿ. ದಕ್ಷಿಣದ ಇಷ್ಟು ಆಕಾಶ ಸಿಗುವ ಜಾಗದಲ್ಲಿದ್ದು ಬರೀ ಓರಿಯನ್, ಆಂಡ್ರೊಮಿಡಾ ತೆಗೆಯುತ್ತಾ ಕೂರಬಾರದು ಎಂಬುದು ನನ್ನ ಆಸೆ. 30 ಡಿಗ್ರಿ ಎತ್ತರದಲ್ಲಿ ನೆತ್ತಿಗಿಂತ ಎರಡು ಪಟ್ಟು ಗಾಳಿಯ ಮೂಲಕ ನೋಡುತ್ತೀರಿ, ಅಲುಗಾಟ ಜಾಸ್ತಿ. ಗೈಡ್ ಎಕ್ಸ್‌ಪೋಶರ್ 3 ಅಥವಾ 4 ಸೆಕೆಂಡ್‌ಗೆ ಏರಿಸಿ. ಇಲ್ಲದಿದ್ದರೆ ಗೈಡರ್ ಗಾಳಿಯ ಹಿಂದೆ ಓಡುತ್ತದೆ.


ತಾರೆ_ಅಮ್ಮತ್ತಿ

ಹಾರ್ಮೋನಿಕ್ ಮೌಂಟ್ ಇರುವವರಿಗೆ ಈ ಕೊನೆಯ ಮಾತು ಹೊಂದುವುದಿಲ್ಲ. ನನ್ನದು ಅಂಥದ್ದೇ. ಬ್ಯಾಕ್‌ಲ್ಯಾಶ್ ಇಲ್ಲ, ಕೌಂಟರ್‌ವೇಟ್ ಇಲ್ಲದೆಯೂ ನಡೆಯುತ್ತದೆ. ಆದರೆ ಪೀರಿಯಾಡಿಕ್ ಎರರ್ ದೊಡ್ಡದು, ಬೇಗ ಬದಲಾಗುತ್ತದೆ. 1 ಸೆಕೆಂಡ್ ಅಥವಾ ಅದಕ್ಕಿಂತ ಕಡಿಮೆ ಎಕ್ಸ್‌ಪೋಶರ್ ಬೇಕು. ಗಾಳಿ ಅಲುಗಾಡಿದರೂ ಮಲ್ಟಿ ಸ್ಟಾರ್ ಸರಾಸರಿ ತೆಗೆಯುವುದರಿಂದ ತಡೆದುಕೊಳ್ಳುತ್ತದೆ. ಮಲ್ಟಿ ಸ್ಟಾರ್ ಇಲ್ಲದ ಗೈಡರ್ ಇಂಥ ಮೌಂಟ್‌ಗೆ ಬೇಡ.


ಕುಶಾಲ_ಪೈ, ಕುಶಾಲನಗರ

ಒಂದು ಪ್ರಶ್ನೆ ಮಂಜಿನಾಚೆಯವರಿಗೆ. ಹೆಸರೇ ಹಾಗಿದೆ, ನಿಮ್ಮನ್ನೇ ಕೇಳಬೇಕು. ಮಂಜು ಹಾಯುವಾಗ ಪಿಎಚ್‌ಡಿ2 ಹೇಗೆ ನಡೆದುಕೊಳ್ಳುತ್ತದೆ? ನಮ್ಮ ಕಡೆ ಕಾವೇರಿ ಬಯಲಲ್ಲಿ ರಾತ್ರಿ ಎರಡು ಗಂಟೆ ಮೇಲೆ ತೆಳುವಾಗಿ ಬಂದು ಹೋಗುತ್ತಿರುತ್ತದೆ.


ಮಂಜಿನಾಚೆ, ಮಡಿಕೇರಿ

ಮೊದಲು ಮಂಜು, ಇಬ್ಬನಿ, ಮರ ಈ ಮೂರನ್ನು ಬೇರೆ ಬೇರೆ ಗುರುತಿಸಲು ಕಲಿಯಿರಿ. ಪಿಎಚ್‌ಡಿ2 ನಕ್ಷತ್ರದ ಎಸ್‌ಎನ್‌ಆರ್ (ಹಿನ್ನೆಲೆಗೆ ಹೋಲಿಸಿದರೆ ನಕ್ಷತ್ರ ಎಷ್ಟು ಸ್ಪಷ್ಟ ಎಂಬ ಸಂಖ್ಯೆ) ತೋರಿಸುತ್ತದೆ. ಎಸ್‌ಎನ್‌ಆರ್ ಅರ್ಧ ಗಂಟೆಯಲ್ಲಿ ಮೆಲ್ಲ ಮೆಲ್ಲ ಇಳಿದರೆ ಗೈಡ್ ಸ್ಕೋಪ್‌ನ ಗಾಜಿನ ಮೇಲೆ ಇಬ್ಬನಿ ಕೂತಿದೆ. ಏರಿಳಿತ ಆಗುತ್ತಿದ್ದರೆ ಮಂಜು. ಒಮ್ಮೆಲೇ ಕತ್ತರಿಸಿದ ಹಾಗೆ ಹೋದರೆ ಕೊಂಬೆ. ಗೈಡಿಂಗ್ ಕೆಟ್ಟಿತು ಎಂದು ಸಾಫ್ಟ್‌ವೇರ್ ಬದಲಿಸಿದ ಎಷ್ಟೋ ಜನರ ಸಮಸ್ಯೆ ಇಬ್ಬನಿಯದ್ದು. ಮುಖ್ಯ ಟೆಲಿಸ್ಕೋಪ್‌ಗೆ ಡ್ಯೂ ಹೀಟರ್ ಸುತ್ತುತ್ತಾರೆ, ಗೈಡ್ ಸ್ಕೋಪ್ ಮರೆಯುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆಂದು ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಬಿಡುವಾಗ ಅಕ್ಕಪಕ್ಕದಲ್ಲೆಲ್ಲ ತೇವ ಏರುತ್ತದೆ. ಪಕ್ಕದ ತೋಟದವರು ಯಾವ ರಾತ್ರಿ ನೀರು ಬಿಡುತ್ತಾರೆ ಎಂದು ಕೇಳಿ ಇಟ್ಟುಕೊಳ್ಳುವುದು ಒಳ್ಳೆಯದು.

ತೆಳು ಮಂಜಿಗೆ ಎರಡು ಕೆಲಸ ಮಾಡಿ. ಸ್ಟಾರ್ ಮಾಸ್ (ನಕ್ಷತ್ರದ ಒಟ್ಟು ಬೆಳಕು) ಬದಲಾವಣೆ ಗುರುತಿಸುವ ಆಯ್ಕೆ ಆನ್ ಇದ್ದರೆ ಆಫ್ ಮಾಡಿ. ಇಲ್ಲದಿದ್ದರೆ ನಕ್ಷತ್ರ ಸ್ವಲ್ಪ ಮಂಕಾದರೂ ಅದನ್ನು ಬಿಟ್ಟುಬಿಡುತ್ತದೆ. ಡಾರ್ಕ್ ಲೈಬ್ರರಿ (ಮುಚ್ಚಳ ಹಾಕಿ ತೆಗೆದ ಕತ್ತಲ ಫೋಟೋಗಳು) ಮಾಡಿ ಇಟ್ಟುಕೊಳ್ಳಿ. ಮಂಜಿನಲ್ಲಿ ನಿಜವಾದ ನಕ್ಷತ್ರ ಮಂಕಾದಾಗ ಗೈಡರ್ ಕ್ಯಾಮೆರಾದ ಹಾಟ್ ಪಿಕ್ಸೆಲ್ (ಬೆಳಕಿಲ್ಲದೆಯೂ ಹೊಳೆಯುವ ಪಿಕ್ಸೆಲ್) ಅನ್ನೇ ನಕ್ಷತ್ರ ಎಂದು ಹಿಡಿಯಬಹುದು. ಆಗ ಗ್ರಾಫ್ ಬಹಳ ಚೆನ್ನಾಗಿ, ನೆಟ್ಟಗೆ ಕಾಣುತ್ತದೆ, ಫೋಟೋದಲ್ಲಿ ಮಾತ್ರ ನಕ್ಷತ್ರಗಳು ಉದ್ದವಾಗಿರುತ್ತವೆ.


200ಎಂಎಂ_ಗೋಣಿಕೊಪ್ಪ

ಮೆಟಾಗೈಡ್, ಎಂಜೆನ್ ಎಂದೆಲ್ಲ ಹೆಸರು ಕೇಳಿದ್ದೇನೆ. ಅವು?


ಮಂಜಿನಾಚೆ, ಮಡಿಕೇರಿ

ಮೆಟಾಗೈಡ್ ಉಚಿತ, ವಿಂಡೋಸ್‌ಗೆ ಮಾತ್ರ. ವಿಡಿಯೋ ಹರಿವಿನಿಂದ ಗೈಡ್ ಮಾಡುತ್ತದೆ. ಉದ್ದ ಫೋಕಲ್ ಲೆಂತ್‌ನವರು ಅದನ್ನು ಮೆಚ್ಚುತ್ತಾರೆ. ಎಂಜೆನ್ ಸಾಫ್ಟ್‌ವೇರ್ ಅಲ್ಲ, ಕಂಪ್ಯೂಟರ್ ಇಲ್ಲದೆ ನಡೆಯುವ ಸ್ವತಂತ್ರ ಗೈಡರ್. ಮ್ಯಾಕ್ಸಿಮ್ ಡಿಎಲ್ ಥರದ ದುಬಾರಿ ಪ್ಯಾಕೇಜ್‌ಗಳಲ್ಲೂ ಗೈಡಿಂಗ್ ಇದೆ. ನಮ್ಮಂಥ ಹವ್ಯಾಸಿಗಳಿಗೆ ಈಗ ಅದಕ್ಕೆ ಹಣ ಹಾಕಲು ಕಾರಣ ಕಾಣುವುದಿಲ್ಲ.


ಕುಶಾಲ_ಪೈ, ಕುಶಾಲನಗರ

ಹೋಲಿಸಲೇಬೇಕು ಎಂದರೆ ನ್ಯಾಯವಾಗಿ ಹೋಲಿಸಿ. ಒಂದೇ ರಾತ್ರಿ, ಒಂದೇ ಗುರಿ, ಮೆರಿಡಿಯನ್‌ನ ಒಂದೇ ಬದಿ. ಅಲೈನ್‌ಮೆಂಟ್ ಮುಟ್ಟಬಾರದು. ಇಪ್ಪತ್ತು ನಿಮಿಷ ಒಂದು ಗೈಡರ್, ಇಪ್ಪತ್ತು ನಿಮಿಷ ಇನ್ನೊಂದು, ಮತ್ತೆ ಮೊದಲಿನದು. ಪ್ರಿಡಿಕ್ಟಿವ್ ಗೈಡಿಂಗ್ ಇದ್ದರೆ ಕಲಿಯುವ ಸಮಯವನ್ನು ಲೆಕ್ಕದಿಂದ ಬಿಡಿ. ಕೊನೆಗೆ ಗ್ರಾಫ್ ನೋಡಬೇಡಿ. ಮುಖ್ಯ ಕ್ಯಾಮೆರಾದ ಫೋಟೋದಲ್ಲಿ ನಕ್ಷತ್ರದ ಅಗಲ ಎಷ್ಟು, ಎಷ್ಟು ದುಂಡಗಿದೆ ಎಂದು ಅಳೆಯಿರಿ. ಗೈಡ್ ಕ್ಯಾಮೆರಾ ತನ್ನ ಕೆಲಸಕ್ಕೆ ತಾನೇ ಮಾರ್ಕ್ಸ್ ಹಾಕಿಕೊಳ್ಳುತ್ತದೆ, ಅದನ್ನು ನಂಬಿ ಕೂರುವ ಹಾಗಿಲ್ಲ, ಅಲ್ವಾ?

ಲಾಗ್ ಬಗ್ಗೆಯೂ ಹೇಳಿಬಿಡುತ್ತೇನೆ. ಪಿಎಚ್‌ಡಿ2, ಎಎಸ್‌ಐಏರ್, ಎಕೋಸ್ ಮೂರೂ ಬರೆಯುವ ಗೈಡ್ ಲಾಗ್‌ಗಳನ್ನು ಪಿಎಚ್‌ಡಿ2 ಲಾಗ್ ವ್ಯೂವರ್‌ನಲ್ಲಿ ತೆರೆಯಬಹುದು. ಹಾಗಾಗಿ ನಾವು ಮೂರು ಪಕ್ಷದವರಾದರೂ ಒಬ್ಬರ ಕಷ್ಟವನ್ನು ಇನ್ನೊಬ್ಬರು ಓದಬಹುದು. ಇಲ್ಲಿ ಸಹಾಯ ಕೇಳುವವರು ಗ್ರಾಫ್‌ನ ಫೋಟೋ ಹಾಕಬೇಡಿ, ಲಾಗ್ ಫೈಲ್ ಹಾಕಿ.


ದಕ್ಷಿಣದಿಕ್ಕು, ವಿರಾಜಪೇಟೆ

ಈ ಮಾತಿಗೆ ನನ್ನದೂ ಸಹಿ. ಲಾಗ್‌ನಲ್ಲಿ ಡೆಕ್ ಗೆರೆ ಒಂದೇ ಕಡೆಗೆ ವಾಲುತ್ತಿದ್ದರೆ ಅಲೈನ್‌ಮೆಂಟ್. ಡೆಕ್ ದಿಕ್ಕು ಬದಲಿಸಿದಾಗ ಹಲವು ಪಲ್ಸ್ ಕೊಟ್ಟರೂ ನಕ್ಷತ್ರ ಕದಲದಿದ್ದರೆ ಬ್ಯಾಕ್‌ಲ್ಯಾಶ್. ಆರ್‌ಎ ಹತ್ತು ನಿಮಿಷಕ್ಕೊಮ್ಮೆ ಅಲೆಯಂತೆ ಏರಿಳಿದರೆ ವರ್ಮ್. ಎರಡೂ ಅಕ್ಷ ಒಟ್ಟಿಗೆ ಹಾರಿದರೆ ಗಾಳಿ, ಇಲ್ಲವೇ ಕೇಬಲ್ ಎಳೆದಿದೆ. ಮಳೆ ಬಿಟ್ಟ ಹೊಸದರಲ್ಲಿ ನೆಲ ಮೆತ್ತಗಿರುವಾಗ ಟ್ರೈಪಾಡ್ ಕಾಲು ಮೆಲ್ಲಗೆ ಇಳಿಯುವುದೂ ಡೆಕ್ ವಾಲಿದ ಹಾಗೇ ಕಾಣುತ್ತದೆ. ಕಣದಲ್ಲಿ ಜಾಗ ಇಲ್ಲದಾಗ ಮಣ್ಣಿನ ಮೇಲೆ ಇಡುವವರು ಕಾಲುಗಳ ಕೆಳಗೆ ಚಪ್ಪಡಿ ಕಲ್ಲು ಹಾಕಿ.


ಕಾಫಿಕಣ, ಸೋಮವಾರಪೇಟೆ ಕಡೆ

ನನಗೆ ದಾರಿ ಸಿಕ್ಕಿತು. ಸದ್ಯಕ್ಕೆ ಲ್ಯಾಪ್‌ಟಾಪ್‌ನಲ್ಲಿ ನೀನಾ, ಪಿಎಚ್‌ಡಿ2, ಆಸ್ಟಾಪ್ ಹಾಕುತ್ತೇನೆ. ಲ್ಯಾಪ್‌ಟಾಪನ್ನು ಟೆಲಿಸ್ಕೋಪ್ ಹತ್ತಿರ ಡಬ್ಬದೊಳಗಿಟ್ಟು ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ನೋಡುತ್ತೇನೆ. ಮೌಂಟ್‌ನ ಗುಣ ಅರ್ಥ ಆದ ಮೇಲೆ ಪೈನಲ್ಲಿ ಎಕೋಸ್ ಪ್ರಯತ್ನಿಸುತ್ತೇನೆ. ಹುತ್ತರಿ ಹುಣ್ಣಿಮೆಗೆ ಬರುತ್ತದೆ, ಆ ವಾರ ಹೇಗೂ ಫೋಟೋ ಆಗುವುದಿಲ್ಲ. ಬೆಳದಿಂಗಳಲ್ಲೇ ಅಲೈನ್‌ಮೆಂಟ್, ಕ್ಯಾಲಿಬ್ರೇಶನ್, ಗೈಡಿಂಗ್ ಅಸಿಸ್ಟೆಂಟ್ ಅಭ್ಯಾಸ ಮಾಡುತ್ತೇನೆ. ಶುರುವಿಗೆ ಯಾವ ಸೆಟ್ಟಿಂಗ್ ಇಡಲಿ?


ಮಂಜಿನಾಚೆ, ಮಡಿಕೇರಿ

ಬೆಳದಿಂಗಳಲ್ಲಿ ಅಭ್ಯಾಸ ಮಾಡುವ ಯೋಚನೆ ತುಂಬಾ ಚೆನ್ನಾಗಿದೆ, ಗೈಡ್ ನಕ್ಷತ್ರಗಳಿಗೆ ಚಂದ್ರನ ಬೆಳಕು ಅಡ್ಡಿ ಆಗುವುದಿಲ್ಲ.

ಎಕ್ಸ್‌ಪೋಶರ್ 2 ಸೆಕೆಂಡ್ ಇಡಿ, ಉಳಿದ ಸೆಟ್ಟಿಂಗ್‌ಗಳನ್ನು ಪಿಎಚ್‌ಡಿ2 ಕೊಟ್ಟ ಹಾಗೇ ಬಿಡಿ. ತಿದ್ದುವ ಅಲ್ಗಾರಿದಮ್ ಆರ್‌ಎಗೆ ಹಿಸ್ಟರೆಸಿಸ್, ಅಗ್ರೆಸಿವ್‌ನೆಸ್ 70, ಡೆಕ್‌ಗೆ ರೆಸಿಸ್ಟ್ ಸ್ವಿಚ್. ಪ್ರೊಫೈಲ್‌ನಲ್ಲಿ ಗೈಡ್ ಸ್ಕೋಪ್‌ನ ಫೋಕಲ್ ಲೆಂತ್ 120 ಎಂದು, ಪಿಕ್ಸೆಲ್ 3.75 ಎಂದು ಸರಿಯಾಗಿ ತುಂಬಿ, ಆರ್ಕ್‌ಸೆಕೆಂಡ್ ಲೆಕ್ಕ ಅದರ ಮೇಲೆ ನಿಂತಿದೆ. ಗೈಡಿಂಗ್ ಅಸಿಸ್ಟೆಂಟ್ ಅನ್ನು ಹತ್ತು ಹನ್ನೊಂದು ನಿಮಿಷ ಓಡಿಸಿದರೆ ವರ್ಮ್‌ನ ಒಂದು ಪೂರ್ತಿ ಸುತ್ತು ಅದರಲ್ಲಿ ಸಿಗುತ್ತದೆ. ಆಮೇಲೆ ಒಂದು ಗಂಟೆ ಏನೂ ಬದಲಿಸದೆ ಗೈಡ್ ಮಾಡಿ, ಲಾಗ್ ಇಲ್ಲಿ ಹಾಕಿ. ಪ್ರಿಡಿಕ್ಟಿವ್ ಪಿಇಸಿ ಹಾಕಬೇಕೋ ಬೇಡವೋ ಅದನ್ನು ನೋಡಿ ಹೇಳುತ್ತೇವೆ.